ಉಪಮಾನ ಬಹಳ, ಸಮಾನಧರ್ಮ ವಿರಳ



ಈ ಸಲ ನೆನಪಿನ ಬುತ್ತಿಯನ್ನು ಬದಿಗಿಟ್ಟು, ನಿಮ್ಮಲ್ಲಿ ಹಲವರ ವೃತ್ತಿಗೆ ಹತ್ತಿರವಾದ ವಿಷಯವೊಂದನ್ನು ಕುರಿತು ಬರೆಯುವ ಸಾಹಸಕ್ಕೆ ಕೈಹಾಕಿದ್ದೇನೆ. ಇರುವೆ, ಜೇನು, ಮಿಂಚುಹುಳು, ಕೋಗಿಲೆ, ತೋಳ, ತಿಮಿಂಗಿಲ ಮೊದಲಾದವುಗಳ ನಡವಳಿಕೆಯಿಂದ ಸೂಚನೆ ಪಡೆದು, ಕಠಿಣವಾದ ಲೆಕ್ಕಗಳನ್ನು ಬಿಡಿಸುವ ಹಾದಿಯನ್ನು ಗಣಕಯಂತ್ರಕ್ಕೆ ಹೇಳಿಕೊಡುವ ಶಾಸ್ತ್ರವೊಂದು ಕಳೆದ ಕೆಲವು ದಶಕಗಳಲ್ಲಿ ಬೆಳೆದು ನಿಂತಿದೆ. ನಿವೃತ್ತನಾದ ಗಣಿತದ ಮೇಷ್ಟ್ರಿಗೆ ಇದರಲ್ಲೇನು ಕೆಲಸ ಎಂದು ನೀವು ಕೇಳಬಹುದು. ಕೆಲಸವಿದೆ. ಈ ಶಾಸ್ತ್ರದ ಬಗ್ಗೆ ನನಗೆ ಗೌರವವಿದೆ. ಅದರ ಹೆಸರಿನಲ್ಲಿ ಈಚೆಗೆ ನಡೆಯುತ್ತಿರುವ ಒಂದು ಬಗೆಯ ವ್ಯಾಪಾರದ ಬಗ್ಗೆ ಆಕ್ಷೇಪವೂ ಇದೆ. ಎರಡನ್ನೂ ಸಾವಕಾಶವಾಗಿ ನಿಮ್ಮ ಮುಂದಿಡುತ್ತೇನೆ.

ಮೊದಲು ಸಮಸ್ಯೆ ಏನೆಂದು ನೋಡೋಣ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬೆಳಿಗ್ಗೆ ಪ್ರಶ್ನೆಪತ್ರಿಕೆಯ ಕಟ್ಟುಗಳನ್ನು ಹೊತ್ತ ವಾಹನವೊಂದು ತಾಲ್ಲೂಕು ಖಜಾನೆಯಿಂದ ಹೊರಟು, ಪ್ರತಿಯೊಂದು ಪರೀಕ್ಷಾ ಕೇಂದ್ರಕ್ಕೂ ಒಮ್ಮೆ ಮಾತ್ರ ಹೋಗಿ, ಮರಳಿ ಖಜಾನೆಗೆ ಬರಬೇಕು ಎಂದಿಟ್ಟುಕೊಳ್ಳಿ. ಯಾವ ಅನುಕ್ರಮದಲ್ಲಿ ಹೋದರೆ ದಾರಿ ಅತಿ ಕಡಿಮೆಯಾದೀತು? ಖಜಾನೆಯೂ ಸೇರಿ ಹತ್ತು ಸ್ಥಳಗಳಿದ್ದರೆ 1,81,440 ಬೇರೆ ಬೇರೆ ಸುತ್ತುಗಳು ಸಾಧ್ಯ. (1ರಿಂದ 9ರವರೆಗಿನ ಸಂಖ್ಯೆಗಳನ್ನೆಲ್ಲ ಗುಣಿಸಿ 2ರಿಂದ ಭಾಗಿಸಿ ನೋಡಿಕೊಳ್ಳಿ. ಒಂದೇ ಸುತ್ತನ್ನು ಹಿಂದುಮುಂದಾಗಿ ಹೋದರೂ ದೂರ ಒಂದೇ ಆದ್ದರಿಂದ ಈ ಭಾಗಾಕಾರ.) ಇಷ್ಟನ್ನು ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಪರಿಶೀಲಿಸಿಬಿಡುತ್ತದೆ. ಸ್ಥಳಗಳು ಇಪ್ಪತ್ತಾದವೋ, ಸುತ್ತುಗಳ ಸಂಖ್ಯೆ ಸುಮಾರು 608 ಕೋಟಿ ಕೋಟಿಗೆ ಏರುತ್ತದೆ. ಸೆಕೆಂಡಿಗೆ ನೂರು ಕೋಟಿ ಸುತ್ತುಗಳನ್ನು ಒಂದೊಂದಾಗಿ ಪರೀಕ್ಷಿಸುವ ಯಂತ್ರಕ್ಕೂ ಸುಮಾರು ಎರಡು ವರ್ಷ ಬೇಕು. ಇಪ್ಪತ್ತೈದಾದರೆ ಸುಮಾರು 98 ಲಕ್ಷ ವರ್ಷ! ಪರೀಕ್ಷೆ ಅಷ್ಟು ಕಾಲ ಕಾಯುವುದಿಲ್ಲ. ಊರೂರು ಅಲೆಯುವ ಮಾರಾಟಗಾರನ ಸಮಸ್ಯೆ ಎಂದು ಜಗತ್ತೆಲ್ಲ ಕರೆಯುವುದು ಇದನ್ನೇ. ಇರುವ ಅಸಂಖ್ಯ ಆಯ್ಕೆಗಳಲ್ಲಿ ಉತ್ತಮೋತ್ತಮವಾದುದನ್ನು ಹುಡುಕುವ ಈ ಬಗೆಯ ಕೆಲಸಕ್ಕೆ ಆಪ್ಟಿಮೈಸೇಶನ್ ಎಂದು ಹೆಸರು. ನಾನು ಅತ್ಯುತ್ತಮೀಕರಣ ಎನ್ನುತ್ತೇನೆ.

ಇಂಥದೇ ಇನ್ನೊಂದು ಸಮಸ್ಯೆಯನ್ನು ನಾನು ಪ್ರತಿವರ್ಷ ಜೂನ್ ತಿಂಗಳಲ್ಲಿ ಬಿಡಿಸುತ್ತಿದ್ದೆ. ಅದು ಶಾಲೆಯ ವೇಳಾಪಟ್ಟಿ. ಗಣಿತದವನೆಂಬ ಕಾರಣಕ್ಕೆ ಆ ಹೊರೆ ನನ್ನ ಹೆಗಲಿಗೇ ಬರುತ್ತಿತ್ತು. ಒಬ್ಬ ಶಿಕ್ಷಕರು ಒಂದೇ ಹೊತ್ತಿಗೆ ಎರಡು ತರಗತಿಗಳಲ್ಲಿ ಇರುವಂತಿಲ್ಲ; ಊಟದ ನಂತರದ ಮೊದಲ ಪೀರಿಯಡ್ಡಿಗೆ ಸತತವಾಗಿ ಗಣಿತ ಬರಬಾರದು; ಇರುವುದೊಂದೇ ಪ್ರಯೋಗಾಲಯ; ದೈಹಿಕ ಶಿಕ್ಷಣದವರಿಗೆ ಸಂಜೆಯೇ ಬೇಕು. ಚೌಕುಳಿ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಒಂದು ಪಟ್ಟಿ ಬರೆದು, ಎರಡು ಪೀರಿಯಡ್ಡುಗಳನ್ನು ಅದಲುಬದಲು ಮಾಡಿ, ದೂರುಗಳು ಕಡಿಮೆಯಾದರೆ ಉಳಿಸಿಕೊಂಡು, ಹೆಚ್ಚಾದರೆ ಅಳಿಸಿ ಮುಂದುವರಿಯುತ್ತಿದ್ದೆ. ಹೀಗೆ ಹೋಗುತ್ತ ಹೋಗುತ್ತ ಒಂದು ಘಟ್ಟದಲ್ಲಿ ಯಾವ ಎರಡನ್ನು ಬದಲಿಸಿದರೂ ಪಟ್ಟಿ ಮೊದಲಿಗಿಂತ ಕೆಡುತ್ತಿತ್ತೇ ಹೊರತು ಸುಧಾರಿಸುತ್ತಿರಲಿಲ್ಲ. ಇನ್ನೂ ಎರಡು ದೂರುಗಳು ಉಳಿದೇ ಇರುತ್ತಿದ್ದವು. ಆಗ ಅರ್ಧ ಪಟ್ಟಿಯನ್ನು ಅಳಿಸಿ ಹೊಸದಾಗಿ ಹೊರಡುವುದೊಂದೇ ದಾರಿ.

ಮಲೆನಾಡಿನವರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. ದಟ್ಟ ಮಂಜಿನಲ್ಲಿ ಬೆಟ್ಟ ಹತ್ತುವವನು ಕಾಲಿನ ಕೆಳಗಿನ ಏರನ್ನಷ್ಟೇ ನಂಬಿ ನಡೆದರೆ ಯಾವುದೋ ಒಂದು ಗುಡ್ಡದ ನೆತ್ತಿಗೆ ತಲಪುತ್ತಾನೆ. ಸುತ್ತ ಎಲ್ಲ ಕಡೆಯೂ ಇಳಿಜಾರು. ಪಕ್ಕದಲ್ಲೇ ಇರುವ ದೊಡ್ಡ ಶಿಖರ ಅವನಿಗೆ ಕಾಣುವುದಿಲ್ಲ. ಗಣಿತಜ್ಞರು ಇದನ್ನು ಸ್ಥಳೀಯ ಶಿಖರದಲ್ಲಿ ಸಿಕ್ಕಿಬೀಳುವುದು ಎನ್ನುತ್ತಾರೆ. ಆ ಗುಡ್ಡದಿಂದ ಕೆಳಗಿಳಿಯುವ ಧೈರ್ಯವನ್ನೂ, ಗೊತ್ತುಗುರಿಯಿಲ್ಲದೆ ಅಲೆಯದಿರುವ ವಿವೇಕವನ್ನೂ ಯಂತ್ರಕ್ಕೆ ಒಟ್ಟಿಗೆ ಕಲಿಸುವುದು ಹೇಗೆ? ಪ್ರಕೃತಿಯನ್ನು ನೋಡಿ ಕಲಿಯೋಣ ಎಂಬ ಯೋಚನೆ ಹುಟ್ಟಿದ್ದು ಈ ಪ್ರಶ್ನೆಯಿಂದ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜಾನ್ ಹಾಲೆಂಡ್ 1975ರಲ್ಲಿ ಪ್ರಕಟಿಸಿದ ಪುಸ್ತಕವು ಜೀವವಿಕಾಸವನ್ನೇ ಲೆಕ್ಕದ ವಿಧಾನವನ್ನಾಗಿ ನಿರೂಪಿಸಿತು. ಹಲವು ಉತ್ತರಗಳ ಒಂದು ಗುಂಪು. ಉತ್ತಮವಾದವುಗಳಿಗೆ ಸಂತಾನ ಹೆಚ್ಚು. ಎರಡು ಉತ್ತರಗಳ ಅಂಶಗಳನ್ನು ಬೆರೆಸಿ ಮೂರನೆಯದು. ಆಗೊಮ್ಮೆ ಈಗೊಮ್ಮೆ ಆಕಸ್ಮಿಕ ಮಾರ್ಪಾಟು. 2006ರಲ್ಲಿ ನಾಸಾ ಹಾರಿಸಿದ ಎಸ್‌ಟಿ-5 ಎಂಬ ಮೂರು ಪುಟ್ಟ ಉಪಗ್ರಹಗಳಲ್ಲಿ ಇಂಥ ವಿಧಾನದಿಂದಲೇ ರೂಪುಗೊಂಡ ಆಂಟೆನಾ ಇತ್ತು. ಅದರ ಚಿತ್ರ ನೋಡಿದರೆ ಯಾರೋ ಹುಡುಗ ಬೇಸರಕ್ಕೆ ತಿರುಚಿ ಎಸೆದ ಗುಂಡುಸೂಜಿಯಂತೆ ಕಾಣುತ್ತದೆ. ಯಾವ ಎಂಜಿನಿಯರೂ ಅಂಥ ಆಕಾರವನ್ನು ಕುಳಿತು ಬರೆಯುತ್ತಿರಲಿಲ್ಲ. ಆದರೆ ಅದು ಕೆಲಸ ಮಾಡಿತು. 1995ರಲ್ಲಿ ಜೇಮ್ಸ್ ಕೆನಡಿ ಎಂಬ ಸಾಮಾಜಿಕ ಮನೋವಿಜ್ಞಾನಿಯೂ ರಸೆಲ್ ಎಬರ್‌ಹಾರ್ಟ್ ಎಂಬ ಎಂಜಿನಿಯರೂ ಸೇರಿ ಹಕ್ಕಿಗಳ ಹಿಂಡನ್ನು ಹೋಲುವ ಮತ್ತೊಂದು ವಿಧಾನವನ್ನು ರೂಪಿಸಿದರು. ಅದರಲ್ಲಿ ಪ್ರತಿಯೊಂದು ಕಣವೂ ತಾನು ಕಂಡ ಉತ್ತಮ ಸ್ಥಾನವನ್ನೂ ಬಳಗವು ಕಂಡ ಉತ್ತಮ ಸ್ಥಾನವನ್ನೂ ನೆನಪಿನಲ್ಲಿಟ್ಟುಕೊಂಡು ಎರಡರ ಕಡೆಗೂ ವಾಲುತ್ತ ಚಲಿಸುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ಇರುವೆಗಳ ಕಥೆ. ಬ್ರಸೆಲ್ಸ್ ನಗರದ ವಿಶ್ವವಿದ್ಯಾಲಯದಲ್ಲಿ ಡೆನೆಬೂರ್ಗ್ ಮತ್ತು ಅವರ ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿ 1989ರಲ್ಲಿ ಪ್ರಕಟಿಸಿದರು. ಅರ್ಜೆಂಟೀನಾ ಇರುವೆಗಳ ಗೂಡಿಗೂ ಆಹಾರಕ್ಕೂ ನಡುವೆ ಕವಲೊಡೆದ ಸೇತುವೆ. ಒಂದು ಕವಲು ಗಿಡ್ಡ, ಇನ್ನೊಂದು ಉದ್ದ. ಮೊದಮೊದಲು ಇರುವೆಗಳು ಎರಡರಲ್ಲೂ ಸಮವಾಗಿ ಹೋದವು. ಇರುವೆ ನಡೆದ ಹಾದಿಯಲ್ಲಿ ಫೆರೊಮೋನ್ ಎಂಬ ವಾಸನೆಯ ದ್ರವ್ಯವನ್ನು ಬಿಡುತ್ತದೆ. ವಾಸನೆ ಹೆಚ್ಚಿರುವ ಕಡೆ ಮುಂದಿನ ಇರುವೆ ಹೋಗುವ ಸಂಭವ ಹೆಚ್ಚು. ಗಿಡ್ಡ ಕವಲಿನಲ್ಲಿ ಹೋದವು ಬೇಗ ಮರಳಿದ್ದರಿಂದ ಅಲ್ಲಿನ ವಾಸನೆ ಬೇಗ ಗಾಢವಾಯಿತು. ಸ್ವಲ್ಪ ಹೊತ್ತಿನಲ್ಲೇ ಬಹುಪಾಲು ಇರುವೆಗಳು ಗಿಡ್ಡ ದಾರಿಯನ್ನೇ ಹಿಡಿದವು. ಯಾವ ಇರುವೆಯೂ ಎರಡು ದಾರಿಗಳನ್ನು ಅಳೆದು ನೋಡಲಿಲ್ಲ, ಯಾವ ಇರುವೆಯೂ ಆಜ್ಞೆ ಮಾಡಲಿಲ್ಲ. ಆದರೂ ಲೆಕ್ಕ ಸರಿಯಾಯಿತು.

ಇಟಲಿಯ ಮಿಲಾನಿನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕೊ ಡೊರಿಗೊ ಎಂಬ ತರುಣ ಇದನ್ನು ಗಣಕಕ್ಕೆ ಒಗ್ಗಿಸಿ 1992ರಲ್ಲಿ ತಮ್ಮ ಪಿಎಚ್.ಡಿ. ಪ್ರಬಂಧವನ್ನು ಸಲ್ಲಿಸಿದರು. ಇಲ್ಲಿ ಗಮನಿಸಬೇಕಾದದ್ದು ಅವರು ಇರುವೆಯಿಂದ ಏನನ್ನು ತೆಗೆದುಕೊಂಡರು, ಏನನ್ನು ಬಿಟ್ಟರು ಎಂಬುದು. ಬ್ರಸೆಲ್ಸಿನ ಪ್ರಯೋಗದಲ್ಲಿ ಇನ್ನೊಂದು ಭಾಗವೂ ಇತ್ತು. ಮೊದಲು ಉದ್ದ ಕವಲನ್ನು ಮಾತ್ರ ಇಟ್ಟು, ಅರ್ಧ ಗಂಟೆ ಕಳೆದ ಮೇಲೆ ಗಿಡ್ಡ ಕವಲನ್ನು ಸೇರಿಸಿದರೆ, ಇರುವೆಗಳು ಹಳೆಯ ಉದ್ದ ದಾರಿಯಲ್ಲೇ ನಡೆಯುತ್ತಿದ್ದವು. ಮೊದಲೇ ಗಾಢವಾಗಿದ್ದ ವಾಸನೆ ಅವುಗಳನ್ನು ಕಟ್ಟಿಹಾಕಿತ್ತು. ಅಂದರೆ ಇರುವೆಯೂ ಸ್ಥಳೀಯ ಶಿಖರದಲ್ಲಿ ಸಿಕ್ಕಿಬೀಳುತ್ತದೆ! ಆದ್ದರಿಂದ ಕೃತಕ ಇರುವೆಗಳ ವಾಸನೆ ಬೇಗ ಆವಿಯಾಗುವಂತೆ ಮಾಡಲಾಯಿತು, ಹಳೆಯದನ್ನು ಮರೆಯುವ ಶಕ್ತಿಯನ್ನು ಕೊಡಲಾಯಿತು. ತಾನು ಹೊಕ್ಕು ಬಂದ ಊರುಗಳ ನೆನಪನ್ನು ಪ್ರತಿ ಇರುವೆಗೂ ಕೊಡಲಾಯಿತು. ಸುತ್ತು ಪೂರ್ತಿಯಾದ ಮೇಲೆಯೇ, ಅದೂ ಸುತ್ತು ಎಷ್ಟು ಗಿಡ್ಡವೋ ಅಷ್ಟು ಹೆಚ್ಚು ವಾಸನೆಯನ್ನು ಬಿಡುವ ಏರ್ಪಾಟಾಯಿತು. ಇಷ್ಟಾದರೂ, ಮೊದಲ ರೂಪದ ಈ ವಿಧಾನವು ದೊಡ್ಡ ಲೆಕ್ಕಗಳಲ್ಲಿ ಆಗಿನ ಅತ್ಯುತ್ತಮ ವಿಧಾನಗಳಿಗೆ ಸಾಟಿಯಾಗಲಿಲ್ಲ ಎಂಬುದನ್ನು ಡೊರಿಗೊ ಮರೆಮಾಚದೆ ಬರೆದರು. ಅನಂತರದ ವರ್ಷಗಳಲ್ಲಿ ಸಂಗಡಿಗರೊಡನೆ ಅದನ್ನು ತಿದ್ದಿ ಬಲಪಡಿಸಿದರು.

ಇಲ್ಲಿ ನನಗೆ ಅಲಂಕಾರ ಶಾಸ್ತ್ರ ನೆನಪಾಗುತ್ತದೆ. ಕನ್ನಡ ಪಂಡಿತರು ರಜೆ ಹಾಕಿದ ದಿನಗಳಲ್ಲಿ ಅವರ ಪೀರಿಯಡ್ಡುಗಳು ಅನೇಕ ಸಲ ನನ್ನ ಪಾಲಿಗೆ ಬರುತ್ತಿದ್ದವು. ಗಣಿತದವನಿಗೆ ಹೇಳಿಕೊಡಲು ಹಿತವಾದ ಪಾಠವೆಂದರೆ ಉಪಮಾಲಂಕಾರ. ಅದು ಸಮೀಕರಣದಷ್ಟೇ ಅಚ್ಚುಕಟ್ಟು. ‘ಸೀತೆಯ ಮುಖ ಚಂದ್ರನಂತೆ ಮನೋಹರವಾಗಿದೆ’ ಎಂಬಲ್ಲಿ ಮುಖ ಉಪಮೇಯ, ಚಂದ್ರ ಉಪಮಾನ, ‘ಅಂತೆ’ ಎಂಬುದು ಉಪಮಾವಾಚಕ, ಮನೋಹರವಾಗಿರುವುದು ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ; ಒಂದು ಕಾಣದಿದ್ದರೂ ಲುಪ್ತೋಪಮೆ. ಕಾವ್ಯದಲ್ಲಿ ಸಮಾನಧರ್ಮವನ್ನು ಬಾಯಿಬಿಟ್ಟು ಹೇಳದಿದ್ದರೂ ನಡೆಯುತ್ತದೆ, ಸಹೃದಯನು ತುಂಬಿಕೊಳ್ಳುತ್ತಾನೆ. ವಿಜ್ಞಾನದಲ್ಲಿ ಹಾಗೆ ನಡೆಯುವುದಿಲ್ಲ. ಅಲ್ಲಿ ಸಮಾನಧರ್ಮವೇ ಮುಖ್ಯ. ಡೊರಿಗೊ ಅವರ ಇರುವೆಯಲ್ಲಿ ಸಮಾನಧರ್ಮ ಇಂಥದ್ದೇ ಎಂದು ಬೆರಳಿಟ್ಟು ತೋರಿಸಬಹುದು: ಹಲವರು ನಡೆದ ಹಾದಿಯ ಗುರುತು, ಆ ಗುರುತಿನ ಮೂಲಕವೇ ನಡೆಯುವ ಸಂವಹನ. ಇರುವೆ ಎಂಬ ಹೆಸರನ್ನು ಅಳಿಸಿಹಾಕಿದರೂ ಆ ತತ್ತ್ವ ಉಳಿಯುತ್ತದೆ.

ಇನ್ನು ನನ್ನ ಆಕ್ಷೇಪಕ್ಕೆ ಬರುತ್ತೇನೆ. ಇರುವೆಗೂ ಹಕ್ಕಿಗೂ ಸಿಕ್ಕಿದ ಗೌರವವನ್ನು ನೋಡಿ ಜನ ಉಳಿದ ಪ್ರಾಣಿಗಳತ್ತ ತಿರುಗಿದರು. 2005ರಲ್ಲಿ ಜೇನುಗೂಡು, 2008ರಲ್ಲಿ ಮಿಂಚುಹುಳು, 2009ರಲ್ಲಿ ಕೋಗಿಲೆ, 2010ರಲ್ಲಿ ಬಾವಲಿ, 2014ರಲ್ಲಿ ಬೂದು ತೋಳ, 2016ರಲ್ಲಿ ತಿಮಿಂಗಿಲ. ಇವು ಹೆಸರುವಾಸಿಯಾದವು ಮಾತ್ರ. ಪಟ್ಟಿ ಇಲ್ಲಿಗೆ ನಿಲ್ಲುವುದಿಲ್ಲ. ಪತಂಗ, ಇರುವೆಯನ್ನು ತಿನ್ನುವ ಹುಳು, ನೀರಿನ ಹನಿ, ಸಂಗೀತಗಾರರ ಮೇಳ, ಎಲ್ಲವೂ ಬಂದವು. ಮೃಗಾಲಯದ ನಾಮಫಲಕಗಳನ್ನೆಲ್ಲ ಕಿತ್ತು ತಂದಂತಾಯಿತು. ಪ್ರತಿಯೊಂದರಲ್ಲೂ ಆ ಪ್ರಾಣಿಯ ಬೇಟೆಯ ವರ್ಣನೆ ಪುಟಗಟ್ಟಲೆ. ಕೊನೆಗೆ ಸೂತ್ರ ಮಾತ್ರ ಎರಡು ಸಾಲು.

ಈ ಮಾತನ್ನು ಹೇಳುತ್ತಿರುವವನು ನಾನೊಬ್ಬನೇ ಆಗಿದ್ದರೆ ಮುದುಕನ ಗೊಣಗಾಟ ಎಂದು ನೀವು ನಕ್ಕುಬಿಡಬಹುದಿತ್ತು. ಬೆಲ್ಜಿಯಂನ ಕೆನೆತ್ ಸೊರೆನ್ಸೆನ್ ಎಂಬ ಪ್ರಾಧ್ಯಾಪಕರು 2015ರಲ್ಲಿ ಪ್ರಕಟವಾದ ಲೇಖನದಲ್ಲಿ ಈ ರೂಪಕಗಳ ಬಣ್ಣ ಬಯಲು ಮಾಡಿದರು. ಹಳೆಯ ಯೋಚನೆಗಳೇ ಹೊಸ ಪರಿಭಾಷೆಯ ಅಂಗಿ ತೊಟ್ಟು ಬರುತ್ತಿವೆ, ಇದರಿಂದ ಶಾಸ್ತ್ರ ಮುಂದೆ ಹೋಗುವ ಬದಲು ಗೊಂದಲಕ್ಕೆ ಬೀಳುತ್ತಿದೆ ಎಂಬುದು ಅವರ ವಾದದ ಸಾರ. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಇರುವೆಗಳ ಡೊರಿಗೊ ಅವರೇ 2023ರಲ್ಲಿ ಇಬ್ಬರು ಸಂಗಡಿಗರೊಡನೆ ಬೂದು ತೋಳ, ಪತಂಗ, ತಿಮಿಂಗಿಲ, ಮಿಂಚುಹುಳು, ಬಾವಲಿ, ಇರುವೆಸಿಂಹ ಎಂಬ ಆರು ವಿಧಾನಗಳನ್ನು ಬಿಡಿಸಿ ನೋಡಿ, ಅವುಗಳಲ್ಲಿ ಇರುವುದು ಬಹುಮಟ್ಟಿಗೆ 1995ರ ಆ ಹಕ್ಕಿಹಿಂಡಿನಂಥ ಹಿಂದಿನ ವಿಧಾನಗಳ ಯೋಚನೆಗಳೇ ಎಂದು ತೋರಿಸಿದರು. ಈ ಶಾಸ್ತ್ರದಲ್ಲಿ ಪ್ರಾಣಿಗೆ ಪೀಠ ಹಾಕಿಕೊಟ್ಟವರಲ್ಲಿ ಒಬ್ಬರು, ಪೀಠಕ್ಕಾಗಿ ನೂಕುನುಗ್ಗಲು ಬೇಡ ಎಂದು ತಾವೇ ಎದ್ದು ಹೇಳಿದ್ದು ನನಗೆ ದೊಡ್ಡ ಗುಣವಾಗಿ ಕಾಣುತ್ತದೆ.

ತೋಳದ ವಿಷಯವನ್ನೇ ನೋಡಿ. ಹಿಂಡಿನಲ್ಲಿ ಒಬ್ಬ ಅಧಿಪತಿ ತೋಳ, ಅದರ ಕೆಳಗೆ ಎರಡನೆಯದು, ಮೂರನೆಯದು, ಕಟ್ಟಕಡೆಗೆ ದೀನವಾದುದು ಎಂಬ ಶ್ರೇಣಿಯ ಮೇಲೆ 2014ರ ವಿಧಾನ ನಿಂತಿದೆ. ಆದರೆ ತೋಳಗಳ ಅಧ್ಯಯನದಲ್ಲೇ ಜೀವನ ಸವೆಸಿದ ಅಮೆರಿಕದ ಡೇವಿಡ್ ಮೆಕ್ 1999ರಷ್ಟು ಹಿಂದೆಯೇ ಬರೆದಿದ್ದರು: ಕಾಡಿನ ತೋಳದ ಹಿಂಡು ಸಾಮಾನ್ಯವಾಗಿ ಒಂದು ಕುಟುಂಬ, ಮುಂದಾಳುಗಳೆನಿಸಿಕೊಂಡವು ತಂದೆತಾಯಿ, ಹಿಂಬಾಲಿಸುವವು ಅವುಗಳ ಮರಿಗಳು. ಅಧಿಕಾರಕ್ಕಾಗಿ ಕಾದಾಡುವ ಶ್ರೇಣಿಯ ಕಲ್ಪನೆ, ಸಂಬಂಧವಿಲ್ಲದ ತೋಳಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿ ನೋಡಿದ್ದರಿಂದ ಬಂದದ್ದು. ಪ್ರಕೃತಿಯಿಂದ ಕಲಿಯುತ್ತೇವೆ ಎನ್ನುವವರು ಪ್ರಕೃತಿಯನ್ನು ನೋಡಿಬಂದವನ ಮಾತನ್ನು ಕೇಳಬೇಡವೇ? ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರು ಒಂದೇ ಜಾತಿಯ ಕಣಜಗಳನ್ನು ದಶಕಗಟ್ಟಲೆ ಗಮನಿಸಿ, ಆ ಗೂಡಿನ ರಾಣಿ ಜಗಳಗಂಟಿಯಲ್ಲ, ಸಾಧು ಸ್ವಭಾವದವಳು ಎಂದು ಕಂಡುಕೊಂಡರು. ಒಂದು ಹುಳುವಿಗೆ ಅಷ್ಟು ತಾಳ್ಮೆ ಬೇಕಾದರೆ, ವರ್ಷಕ್ಕೊಂದು ಪ್ರಾಣಿಯನ್ನು ಸೂತ್ರಕ್ಕಿಳಿಸುವವರ ಅವಸರವನ್ನು ಏನೆನ್ನೋಣ?

ಹೋಗಲಿ, ಉಪಮೆ ತಪ್ಪಾದರೇನು, ಲೆಕ್ಕ ಸರಿಯಾದರೆ ಸಾಲದೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಲೆಕ್ಕವನ್ನೇ ನೋಡೋಣ. ಇಂಥ ವಿಧಾನಗಳನ್ನು ಪರೀಕ್ಷಿಸಲು ಬಳಸುವ ಹಲವು ಮಾದರಿ ಲೆಕ್ಕಗಳಲ್ಲಿ ಸರಿಯುತ್ತರ ಸೊನ್ನೆಯ ಬಿಂದುವಿನಲ್ಲಿ, ಅಂದರೆ ಹುಡುಕುವ ಕ್ಷೇತ್ರದ ನಟ್ಟನಡುವೆ ಇರುತ್ತದೆ. 2019ರಲ್ಲಿ ಪ್ರಕಟವಾದ ಪರಿಶೀಲನೆಯೊಂದು ತೋಳದ ವಿಧಾನಕ್ಕೆ ಸೊನ್ನೆಯ ಕಡೆಗೇ ಜಾರುವ ಸ್ವಭಾವವಿದೆ ಎಂದು ತೋರಿಸಿತು. ಸರಿಯುತ್ತರವನ್ನು ಸೊನ್ನೆಯಿಂದ ದೂರಕ್ಕೆ ಸರಿಸಿದರೆ ಅದರ ಚಮತ್ಕಾರ ಕುಂದುತ್ತದೆ. ಇನ್ನೂ ಹಲವು ಹೊಸ ವಿಧಾನಗಳಿಗೆ ನಡುವಿನತ್ತ ವಾಲುವ ಇದೇ ರೋಗವಿದೆ ಎಂದು 2022ರಲ್ಲಿ ಮತ್ತೊಬ್ಬರು ತೋರಿಸಿದರು. ಮೇಷ್ಟ್ರಾದವನಿಗೆ ಇದು ಎಷ್ಟು ಪರಿಚಿತ! ಪ್ರಶ್ನೆಪತ್ರಿಕೆಯ ಎಲ್ಲ ಲೆಕ್ಕಗಳಿಗೂ ಉತ್ತರ ಸೊನ್ನೆ ಎಂದಾದರೆ, ಏನೂ ಓದದೆ ಎಲ್ಲಕ್ಕೂ ಸೊನ್ನೆ ಬರೆದು ಬಂದವನಿಗೆ ನೂರಕ್ಕೆ ನೂರು. ಅಲ್ಲಿ ಹುಡುಗನನ್ನು ಹೊಗಳುವ ಮೊದಲು ಪ್ರಶ್ನೆಪತ್ರಿಕೆಯನ್ನು ನೋಡಬೇಕು.

ಈ ಸಾಲಿನಲ್ಲಿ ನನ್ನ ವೃತ್ತಿಗೇ ಬಂದ ಒಂದು ಉಪಮೆಯಿದೆ, ಅದನ್ನು ಬಿಡುವಂತಿಲ್ಲ. 2011ರಲ್ಲಿ ಸೂರತ್ತಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ಪ್ರೊ. ಆರ್. ವೆಂಕಟ ರಾವ್ ಮತ್ತು ಸಂಗಡಿಗರು ಬೋಧನೆ-ಕಲಿಕೆಯನ್ನೇ ಆಧರಿಸಿದ ವಿಧಾನವನ್ನು ಪ್ರಕಟಿಸಿದರು. ಉತ್ತರಗಳ ಗುಂಪೇ ತರಗತಿ. ಒಂದೊಂದು ಉತ್ತರವೂ ಒಬ್ಬ ವಿದ್ಯಾರ್ಥಿ. ಎಲ್ಲರಿಗಿಂತ ಹೆಚ್ಚು ಅಂಕ ಪಡೆದದ್ದು ಶಿಕ್ಷಕ. ಮೊದಲ ಹಂತದಲ್ಲಿ ಶಿಕ್ಷಕನು ತರಗತಿಯ ಸರಾಸರಿಯನ್ನು ತನ್ನ ಮಟ್ಟದ ಕಡೆಗೆ ಎಳೆಯುತ್ತಾನೆ. ಎರಡನೆಯ ಹಂತದಲ್ಲಿ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಕೂಡುತ್ತಾರೆ: ತನಗಿಂತ ಉತ್ತಮನು ಸಿಕ್ಕರೆ ಅವನ ಕಡೆಗೆ ಸರಿಯುವುದು, ಕಡಿಮೆಯವನು ಸಿಕ್ಕರೆ ಅವನಿಂದ ದೂರಕ್ಕೆ ಸರಿಯುವುದು. ಪ್ರತಿ ಸುತ್ತಿನಲ್ಲೂ ಮೇಲೆ ಬಂದವನೇ ಹೊಸ ಶಿಕ್ಷಕ. ಶಿಷ್ಯನು ಗುರುವನ್ನು ಮೀರಿಸಲಿ ಎಂಬ ನಮ್ಮ ಹಳೆಯ ಹಾರೈಕೆ ಇಲ್ಲಿ ಕ್ಷಣಕ್ಷಣಕ್ಕೂ ಫಲಿಸುತ್ತದೆ. ಅದನ್ನು ಓದಿ ಸಂತೋಷವಾಯಿತು.

ಆದರೆ ತರಗತಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ನಿಂತವನಾಗಿ ಎರಡು ಮಾತು ಹೇಳದಿರಲಾರೆ. ಶಿಕ್ಷಕನೆಂದರೆ ಎಲ್ಲರಿಗಿಂತ ಹೆಚ್ಚು ಅಂಕ ಪಡೆದವನಲ್ಲ. ನನಗಿಂತ ವೇಗವಾಗಿ ರೇಖಾಗಣಿತದ ರೈಡರ್ ಬಿಡಿಸುತ್ತಿದ್ದ ಮಕ್ಕಳು ನಿಮ್ಮಲ್ಲೇ ಇದ್ದಿರಿ. ಹಾಗೆಂದು ಮೇಷ್ಟ್ರ ಕೆಲಸ ನಿಮಗೆ ಹೋಗಲಿಲ್ಲ. ಎರಡನೆಯದಾಗಿ, ಬಲ್ಲವನು ಬಾರದವನಿಂದ ದೂರ ಸರಿದು ಬೆಳೆಯುತ್ತಾನೆ ಎಂಬುದು ಸೂತ್ರಕ್ಕೆ ಸರಿಯಿರಬಹುದು. ತರಗತಿಯಲ್ಲಿ ನಾನು ಕಂಡದ್ದು ಇದಕ್ಕೆ ವಿರುದ್ಧ. ಭಿನ್ನರಾಶಿ ತಿಳಿಯದವನ ಪಕ್ಕದಲ್ಲಿ ಕೂರಿಸಿ ಹೇಳಿಕೊಡಲು ಹೇಳಿದ ಮೇಲೆಯೇ ಎಷ್ಟೋ ಜಾಣರಿಗೆ ಭಿನ್ನರಾಶಿ ನಿಜವಾಗಿ ತಿಳಿದದ್ದು. ಹಾಗಾದರೆ ಆ ವಿಧಾನ ಕೆಲಸಕ್ಕೆ ಬಾರದೇ? ಹಾಗಲ್ಲ. ಎಂಜಿನಿಯರುಗಳು ಯಂತ್ರಭಾಗಗಳ ವಿನ್ಯಾಸದಲ್ಲಿ ಅದನ್ನು ಬಳಸಿದ್ದಾರೆ. ಅದರ ಹೋಲಿಕೆಗಳಲ್ಲಿ ಎಣಿಕೆ ಸರಿಯಿಲ್ಲವೆಂದು 2012ರಲ್ಲಿ ಯುರೋಪಿನಿಂದ ಆಕ್ಷೇಪ ಬಂದಿತು, ಮರುವರ್ಷ ಅದಕ್ಕೆ ಉತ್ತರವೂ ಬಂದಿತು. ಶಾಸ್ತ್ರ ಬೆಳೆಯುವುದು ಹೀಗೆಯೇ. ಇದಕ್ಕಿಂತ ನನ್ನ ಗಮನ ಸೆಳೆದದ್ದು ವೆಂಕಟ ರಾವ್ ಅವರ ಮುಂದಿನ ನಡೆ. 2016ರಲ್ಲಿ ಅವರು ಪ್ರಕಟಿಸಿದ ವಿಧಾನದ ಹೆಸರು ‘ಜಯ’. ಅತ್ಯುತ್ತಮದ ಕಡೆಗೆ ಹೋಗು, ಅತ್ಯಧಮದಿಂದ ದೂರ ಸರಿ, ಇಷ್ಟೇ ಅದರ ತಿರುಳು. ಗುರುವಿಲ್ಲ, ಶಿಷ್ಯನಿಲ್ಲ, ಪ್ರಾಣಿಯಿಲ್ಲ. 2020ರಲ್ಲಿ ಇನ್ನೂ ಮೂರು ವಿಧಾನಗಳನ್ನು, ಅವು ರೂಪಕರಹಿತವೆಂದು ಶೀರ್ಷಿಕೆಯಲ್ಲೇ ಸಾರಿ ಪ್ರಕಟಿಸಿದರು. ಉಪಮೆಯಿಂದ ಹೊರಟವರು ಉಪಮೆಯನ್ನು ಕಳಚಿಟ್ಟು ನಡೆದದ್ದು ಒಳ್ಳೆಯ ಮಾದರಿ.

ಇದೆಲ್ಲ ಪಂಡಿತರ ವಾಗ್ವಾದ, ನಮಗೇನು ನಷ್ಟ ಎಂದು ಕೆಲವರಿಗೆ ಅನ್ನಿಸೀತು. ನಷ್ಟ ಯಾರಿಗೆಂದು ಹೇಳುತ್ತೇನೆ. ನಮ್ಮ ಬಂಧುವರ್ಗದ ಹೆಣ್ಣುಮಗಳೊಬ್ಬಳು ಎಂ.ಟೆಕ್. ಓದುತ್ತಿದ್ದಾಗ ಪ್ರಾಜೆಕ್ಟಿನ ವಿಷಯ ಕೇಳಲು ಮಾರ್ಗದರ್ಶಕರ ಬಳಿ ಹೋದಳಂತೆ. ‘ಇನ್ನೂ ಯಾರೂ ಮುಟ್ಟದ ಒಂದು ಪ್ರಾಣಿಯನ್ನು ಹುಡುಕಿಕೊಂಡು ಬಾ’ ಎಂದರಂತೆ ಅವರು. ಅವಳು ಒಂದು ವಾರ ಕುಳಿತು ಪ್ರಾಣಿಗಳ ಪಟ್ಟಿ ಮಾಡಿದಳು. ಮುಂಗುಸಿಯೂ ಆಗಿಹೋಗಿದೆ, ಮೊಸಳೆಯೂ ಆಗಿಹೋಗಿದೆ ಎಂದು ನನ್ನೆದುರು ಹೇಳುವಾಗ ನಗುತ್ತಲೇ ಇದ್ದಳು, ಕಣ್ಣಿನಲ್ಲಿ ಮಾತ್ರ ನಗುವಿರಲಿಲ್ಲ. ಅವಳಿಗೆ ಇಷ್ಟವಿದ್ದದ್ದು ಶಾಲಾ ವೇಳಾಪಟ್ಟಿಯ ಸಮಸ್ಯೆ. ಗೊತ್ತಿರುವ ನಾಲ್ಕು ವಿಧಾನಗಳನ್ನು ನಿಜವಾದ ಶಾಲೆಯ ಪಟ್ಟಿಯ ಮೇಲೆ ಹಚ್ಚಿ, ಯಾವುದು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ, ಯಾಕೆ ಎಂದು ತೋರಿಸಬೇಕೆಂದಿದ್ದಳು. ಅದರಲ್ಲಿ ಹೊಸತನವಿಲ್ಲ ಎಂಬ ಉತ್ತರ ಬಂದಿತು. ಕೊನೆಗೆ ಅವಳು ಒಂದು ಪ್ರಾಣಿಯನ್ನು ಹಿಡಿದಳು, ಪದವಿಯೂ ಸಿಕ್ಕಿತು. ಆ ಪ್ರಬಂಧವನ್ನು ಆಮೇಲೆ ತಾನೇ ತೆರೆದು ನೋಡಿಲ್ಲ ಎನ್ನುತ್ತಾಳೆ. ಒಬ್ಬ ಬುದ್ಧಿವಂತ ಹುಡುಗಿಯ ಎರಡು ವರ್ಷ, ಅವಳ ತಂದೆ ಕಟ್ಟಿದ ಶುಲ್ಕ, ಎಲ್ಲಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುವ ಅವಳ ಹುಮ್ಮಸ್ಸು, ಇವು ನಷ್ಟದ ಲೆಕ್ಕಕ್ಕೆ ಬರುವುದಿಲ್ಲವೇ?

ಉಪಮೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಉಪಮೆಯಿಲ್ಲದೆ ಪಾಠ ಹೇಳುವುದು ಉಪ್ಪಿಲ್ಲದೆ ಅಡುಗೆ ಮಾಡಿದಂತೆ. ನೋಡಿ, ಇದನ್ನು ಹೇಳಲೂ ನನಗೆ ಉಪಮೆ ಬೇಕಾಯಿತು. ಸಮಾನಧರ್ಮವುಳ್ಳ ಉಪಮೆಗೆ ನಮ್ಮಲ್ಲೇ ಒಳ್ಳೆಯ ಉದಾಹರಣೆಯಿದೆ. 2005ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕೃಷ್ಣಾನಂದ್ ಮತ್ತು ದೇಬಶೀಶ್ ಘೋಷ್ ಅವರು ಬೆಳಕು ಬೀರುವ ಹುಳುಗಳಿಂದ ಸೂಚನೆ ಪಡೆದ ವಿಧಾನವೊಂದನ್ನು ಮಂಡಿಸಿದರು. ಅಲ್ಲಿ ಪ್ರತಿ ಹುಳುವೂ ತನ್ನ ಕಣ್ಣಳತೆಯೊಳಗೆ ತನಗಿಂತ ಹೆಚ್ಚು ಹೊಳೆಯುವ ನೆರೆಯವನತ್ತ ಮಾತ್ರ ಸರಿಯುತ್ತದೆ. ಆ ಕಣ್ಣಳತೆಯೂ ನೆರೆಹೊರೆಯ ಸಂಖ್ಯೆಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಹೀಗಾಗಿ ಎಲ್ಲವೂ ಒಂದೇ ಶಿಖರಕ್ಕೆ ಮುಗಿಬೀಳದೆ, ಗುಂಪುಗುಂಪಾಗಿ ಹಲವು ಶಿಖರಗಳನ್ನು ಒಟ್ಟಿಗೆ ಹುಡುಕುತ್ತವೆ. ಹಲವು ಕಡೆ ಸೋರಿಕೆಯ ಮೂಲವನ್ನು ಪತ್ತೆಮಾಡಬೇಕಾದ ಪುಟ್ಟ ರೋಬಾಟುಗಳಿಗೆ ಇಂಥದೇ ಬೇಕು. ಇಲ್ಲಿ ಹುಳು ಅಲಂಕಾರಕ್ಕೆ ಬಂದಿಲ್ಲ, ದುಡಿಯಲು ಬಂದಿದೆ.

ಹಾಗೆಯೇ ಹುಳುಹುಪ್ಪಟೆಯ ಸಹವಾಸವೇ ಇಲ್ಲದ ಶುದ್ಧ ಗಣಿತದ ಸಾಧನೆಯನ್ನೂ ನಮ್ಮ ಮಕ್ಕಳು ತಿಳಿಯಬೇಕು. ಮೇಲೆ ಹೇಳಿದ ಮಾರಾಟಗಾರನ ಸಮಸ್ಯೆಯಲ್ಲಿ 85,900 ಬಿಂದುಗಳ ಒಂದು ಲೆಕ್ಕವನ್ನು 2006ರಲ್ಲಿ ಆ್ಯಪಲ್‌ಗೇಟ್, ಬಿಕ್ಸ್‌ಬಿ, ಕ್ವಾಟಲ್, ಕುಕ್ ಮೊದಲಾದವರು ಪೂರ್ಣವಾಗಿ ಬಿಡಿಸಿ, ಇದಕ್ಕಿಂತ ಗಿಡ್ಡ ದಾರಿ ಇಲ್ಲವೇ ಇಲ್ಲ ಎಂದು ಸಾಧಿಸಿದರು. ಇಪ್ಪತ್ತೈದಕ್ಕೇ 98 ಲಕ್ಷ ವರ್ಷ ಎಂದೆನಲ್ಲ, ಅದು ಒಂದೊಂದನ್ನೂ ನೋಡುವ ಮೊದ್ದು ಹಾದಿಗೆ. ಸಾಧ್ಯವಿಲ್ಲದ ಸುತ್ತುಗಳನ್ನು ಕಂತೆಕಂತೆಯಾಗಿ ತಳ್ಳಿಹಾಕುವ ಜಾಣ್ಮೆ ಗಣಿತಕ್ಕಿದೆ. ಯಾವ ಸಮಸ್ಯೆಗೂ ಸಲ್ಲುವ ಒಂದೇ ರಾಮಬಾಣವಿಲ್ಲ ಎಂಬುದನ್ನು ವೋಲ್ಪರ್ಟ್ ಮತ್ತು ಮ್ಯಾಕ್ರೆಡಿ 1997ರಲ್ಲಿ ಪ್ರಮೇಯವಾಗಿಯೇ ಸಾಧಿಸಿದ್ದಾರೆ: ಸಾಧ್ಯವಿರುವ ಎಲ್ಲ ಸಮಸ್ಯೆಗಳ ಸರಾಸರಿ ತೆಗೆದರೆ ಎಲ್ಲ ವಿಧಾನಗಳೂ ಸಮ. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಯಾವ ಪ್ರಾಣಿ ದೊಡ್ಡದು?’ ಎಂಬುದಲ್ಲ, ‘ನನ್ನ ಈ ಸಮಸ್ಯೆಯ ಸ್ವರೂಪಕ್ಕೆ ಯಾವುದು ಒಪ್ಪುತ್ತದೆ, ಯಾಕೆ?’ ಎಂಬುದು.

ಕೊನೆಯದಾಗಿ ನನ್ನದೊಂದು ಸಲಹೆ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನದಲ್ಲಿ ವಿದ್ಯಾರ್ಥಿಯ ಹೆಸರು ಮೌಲ್ಯಮಾಪಕರಿಗೆ ಕಾಣುವುದಿಲ್ಲ. ಯಾರ ಮಗ, ಯಾವ ಊರು, ಯಾವ ಶಾಲೆ ಎಂಬುದು ತಿಳಿಯದಂತೆ ಉತ್ತರಪತ್ರಿಕೆಯ ಮೇಲೆ ಸಂಕೇತಸಂಖ್ಯೆ ಮಾತ್ರ ಇರುತ್ತದೆ. ಒಳಗೆ ಬರೆದದ್ದಕ್ಕಷ್ಟೇ ಅಂಕ. ಈ ವಿಧಾನಗಳಿಗೂ ಹಾಗೆಯೇ ಮಾಡಬೇಕು. ತೋಳ, ತಿಮಿಂಗಿಲ ಎಂಬ ಹೆಸರನ್ನು ಮುಚ್ಚಿ, ಬೇಟೆಯ ವರ್ಣನೆಯನ್ನು ತೆಗೆದು, ಸೂತ್ರವನ್ನು ಮಾತ್ರ ಮುಂದಿಟ್ಟುಕೊಂಡು ಮೂರು ಪ್ರಶ್ನೆ ಕೇಳಬೇಕು. ಇದು ಮೊದಲೇ ಇದ್ದ ಯಾವುದಕ್ಕಿಂತ ಬೇರೆ? ಸರಿಯುತ್ತರವನ್ನು ಸೊನ್ನೆಯಿಂದ ಸರಿಸಿದರೂ ನಿಲ್ಲುತ್ತದೆಯೇ? ಸಮಾನ ಕಾಲಾವಕಾಶ ಕೊಟ್ಟು, ಬಲವಾದ ಎದುರಾಳಿಯೊಡನೆ ಹೋಲಿಸಿದ್ದಾರೆಯೇ? ಮೂರಕ್ಕೂ ಉತ್ತರ ಬಂದ ಮೇಲೆ ಬೇಕಾದ ಹೆಸರಿಡಲಿ, ನನ್ನ ಅಭ್ಯಂತರವಿಲ್ಲ.

ನಿಮ್ಮಲ್ಲಿ ಕೆಲವರು ಇಂದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಧ್ಯಾಪಕರಾಗಿದ್ದೀರಿ, ಪ್ರಾಜೆಕ್ಟುಗಳಿಗೆ ಮಾರ್ಗದರ್ಶನ ಮಾಡುತ್ತೀರಿ. ನಿಮ್ಮ ಬಳಿ ಬರುವ ಹುಡುಗ ಹುಡುಗಿಯರನ್ನು ಪ್ರಾಣಿ ಹುಡುಕಲು ಕಳುಹಿಸಬೇಡಿ, ಸಮಸ್ಯೆ ಹುಡುಕಲು ಕಳುಹಿಸಿ. ನಮ್ಮ ಸುತ್ತಮುತ್ತ ಅದಕ್ಕೇನು ಬರವೇ? ಹಾಲಿನ ಡೇರಿಯ ಲಾರಿ ಯಾವ ಹಳ್ಳಿಯಿಂದ ಯಾವ ಹಳ್ಳಿಗೆ ಹೋಗಬೇಕು, ಒಂದು ನಾಲೆಯ ನೀರನ್ನು ಎಷ್ಟು ಸರದಿಯಲ್ಲಿ ಹಂಚಬೇಕು, ಇಬ್ಬರು ಶಿಕ್ಷಕರಿರುವ ಶಾಲೆಯ ವೇಳಾಪಟ್ಟಿಯನ್ನು ಹೇಗೆ ಹೊಂದಿಸಬೇಕು. ಇವುಗಳಲ್ಲಿ ಒಂದನ್ನು ಹಳೆಯ ವಿಧಾನದಿಂದಲೇ ಪ್ರಾಮಾಣಿಕವಾಗಿ ಬಿಡಿಸಿ, ಸೋತ ಕಡೆ ಸೋತೆನೆಂದು ಬರೆದ ವಿದ್ಯಾರ್ಥಿಗೆ ನೀವು ಪೂರ್ಣ ಅಂಕ ಕೊಟ್ಟಿರೆಂದು ಕೇಳಿದರೆ, ನಿಮಗೆ ಪಾಠ ಹೇಳಿದ್ದು ಸಾರ್ಥಕವಾಯಿತೆಂದು ತಿಳಿಯುತ್ತೇನೆ.

ಭಿನ್ನಾಭಿಪ್ರಾಯವಿದ್ದವರು ಸಂಕೋಚವಿಲ್ಲದೆ ಬರೆಯಿರಿ. ಈ ಕ್ಷೇತ್ರದಲ್ಲೇ ಕೆಲಸ ಮಾಡುತ್ತಿರುವವರು ಬರೆದರಂತೂ ಇನ್ನೂ ಸಂತೋಷ. ಮೇಷ್ಟ್ರ ಮಾತಿಗೆ ಎದುರಾಡಬಾರದು ಎಂಬ ನಿಯಮ ನಮ್ಮ ತರಗತಿಯಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.